ಸಂಗೀತ ಪರೀಕ್ಷೆ: ಒಂದು ತಾಸು ಕೂತು ಕೇಳುವವರು ಬೇಕು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಮುಧೋಳದ ಕಡೆಯ ಒಬ್ಬ ಡಿಗ್ರಿ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಿದ್ದ. ಹಿಂದೂಸ್ತಾನಿ ಗಾಯನದಲ್ಲಿ ಕೆಳಗಿನ ಪರೀಕ್ಷೆಗಳೆಲ್ಲ ಮುಗಿದಿವೆ, ಈಗ ವಿಶಾರದ ಅನ್ನೋ ಮೇಲಿನ ಪರೀಕ್ಷೆಗೆ ಕೂರಬೇಕು, ಊರಲ್ಲಿ ಕಲಿಸುವವರು ಯಾರೂ ಇಲ್ಲ, ಶಾಸ್ತ್ರದ ಪತ್ರಿಕೆಗೆ, ಅಂದರೆ ಬರೆಯುವ ಪರೀಕ್ಷೆಗೆ, ಒಬ್ಬನೇ ಓದಿಕೊಂಡು ಬರೆಯಬಹುದಾ ಅಂತ. ಎರಡು ದಿನ ಬಿಟ್ಟು ಒಬ್ಬ ಹಿರಿಯರು ಉತ್ತರ ಬರೆದರು. ಗುರು ಇಲ್ಲದೆ ಆ ದಾರಿ ಹಿಡಿಯಬೇಡ, ಕೆಡುತ್ತೀಯ ಅಂದರು. ಆ ಹಿರಿಯರ ಮೇಲೆ ನನಗೆ ಗೌರವ ಇದೆ. ಅವರು ಕಂಡದ್ದನ್ನು ಅವರು ಹೇಳಿದ್ದಾರೆ. ಆದರೆ ಆ ಹುಡುಗ ಅದನ್ನು ಓದಿ ಫಾರ್ಮ್ ತುಂಬುವುದನ್ನೇ ಬಿಟ್ಟುಬಿಟ್ಟಾನು ಅಂತ ನನಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದರೂ ದಯವಿಟ್ಟು ಪೂರ್ತಿ ಹಾಕಿ.

ನಾನು ಜಮಖಂಡಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ವಯಸ್ಸು 47. ಮನೆಯವರು ಹೊಲ ನೋಡಿಕೊಳ್ಳುತ್ತಾರೆ, ಗಿರಣಿ ನನ್ನ ಪಾಲಿಗೆ. ತವರಿನಲ್ಲಿ ಇದ್ದಾಗ ಭಜನೆಯವರ ಜೊತೆ ಕೂತು ಪೇಟಿ ಕಲಿತಿದ್ದೆ. ಮಕ್ಕಳು ದೊಡ್ಡವರಾದ ಮೇಲೆ ಇಲ್ಲೇ ಒಬ್ಬ ಮಾಸ್ತರರ ಹತ್ತಿರ ಹಾಡೋದಕ್ಕೆ ಶುರು ಮಾಡಿದೆ. ವಿಶಾರದಕ್ಕಿಂತ ಹಿಂದಿನ ಮಧ್ಯಮಾ ಪೂರ್ಣ ಪರೀಕ್ಷೆಯವರೆಗೂ ಅವರೇ ಕೈ ಹಿಡಿದು ನಡೆಸಿದರು. ವಿಶಾರದದ ಪಾಠ ಇನ್ನೇನು ಶುರು ಅನ್ನುವಾಗ ತೀರಿಕೊಂಡರು. ಹದಿಮೂರನೇ ದಿನದ ಊಟ ಮುಗಿದ ಮೇಲೆ ಅವರ ಮನೆಯವರು ಒಂದು ಚೀಲ ತಂದು ನನ್ನ ಕೈಗೆ ಕೊಟ್ಟು, ‘ಇವು ನಿಮಗೇ ಇರಲಿ ಅಕ್ಕಾರ’ ಅಂದರು. ಚೀಲದಲ್ಲಿ ಒಂಬತ್ತು ಪುಸ್ತಕ, ಎರಡು ನೋಟುಬುಕ್. ಪುಸ್ತಕ ಹೆಚ್ಚಿನವು ಮರಾಠಿ, ಎರಡು ಹಿಂದಿ. ಕನ್ನಡದಲ್ಲಿ ಇದ್ದದ್ದು ಮಾಸ್ತರ ಕೈಬರಹದ ಆ ಎರಡು ನೋಟುಬುಕ್ ಮಾತ್ರ. ಗಡಿ ಕಡೆಯವರಾದ್ದರಿಂದ ಮರಾಠಿ ಓದೋದಕ್ಕೆ ಬರುತ್ತದೆ. ಆ ಬಲದ ಮೇಲೆ ಒಬ್ಬಳೇ ಕೂತೆ.

ಮೊದಲ ಸಲ ಶಾಸ್ತ್ರದಲ್ಲಿ ಬಿದ್ದೆ. ಯಾಕೆ ಬಿದ್ದೆ ಅನ್ನೋದನ್ನು ಆ ಹುಡುಗನಿಗೆ ಹೇಳಲೇಬೇಕು. ಒಬ್ಬರೇ ಓದುವವರು ಎಡವೋದು ಇಂಥ ಜಾಗದಲ್ಲೇ.

ಹಾಡನ್ನು ಕಾಗದದ ಮೇಲೆ ಬರೆಯುವ ಸ್ವರಲಿಪಿ ನಮ್ಮ ಸಂಗೀತದಲ್ಲಿ ಮುಖ್ಯವಾಗಿ ಎರಡು ಇವೆ. ಒಂದು ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರದು. ಇನ್ನೊಂದು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಶುರು ಮಾಡಿದ ಪಂಡಿತ ವಿಷ್ಣು ದಿಗಂಬರ ಪಲುಸ್ಕರರದು. ಭಾತಖಂಡೆ ಪದ್ಧತಿಯಲ್ಲಿ ಸ್ವರದ ತಲೆಯ ಮೇಲೆ ಚುಕ್ಕೆ ಇಟ್ಟರೆ ತಾರ, ಅಂದರೆ ಮೇಲಿನ ಏಳು ಸ್ವರಗಳ ಸಪ್ತಕ, ಕೆಳಗೆ ಇಟ್ಟರೆ ಮಂದ್ರ, ಅಂದರೆ ಕೆಳಗಿನ ಸಪ್ತಕ. ಪಲುಸ್ಕರ ಪದ್ಧತಿಯಲ್ಲಿ ತಲೆಯ ಮೇಲಿನ ಚುಕ್ಕೆಯೇ ಮಂದ್ರ. ತಾರಕ್ಕೆ ಮೇಲೆ ಒಂದು ನಿಂತ ಗೆರೆ ಹಾಕುತ್ತಾರೆ. ಒಂದೇ ಚುಕ್ಕೆ, ಅದೇ ಜಾಗ, ಅರ್ಥ ಪೂರಾ ಉಲ್ಟಾ. ತಾಳದಲ್ಲೂ ಹಾಗೇ. ಭಾತಖಂಡೆಯವರಲ್ಲಿ ಗುಣಿಸುವ ಚಿಹ್ನೆ ಅಂದರೆ ಸಮ್ (ತಾಳದ ಮೊದಲ ಹೊಡೆತ), ಸೊನ್ನೆ ಅಂದರೆ ಖಾಲಿ (ತಟ್ಟದೆ ಬಿಡುವ ಜಾಗ). ಪಲುಸ್ಕರರಲ್ಲಿ ಕೂಡಿಸುವ ಚಿಹ್ನೆ ಅಂದರೆ ಖಾಲಿ, ಸೊನ್ನೆ ಅಂದರೆ ಅರ್ಧ ಮಾತ್ರೆ, ತಾಳದ ಒಂದು ಎಣಿಕೆಯ ಅರ್ಧ. ಅವಸರದಲ್ಲಿ ಬರೆದರೆ ಗುಣಿಸುವ ಚಿಹ್ನೆ ಯಾವುದು, ಕೂಡಿಸುವ ಚಿಹ್ನೆ ಯಾವುದು ಅಂತ ನಮಗೇ ತಿಳಿಯೋದಿಲ್ಲ.

ಮಾಸ್ತರರ ಚೀಲದಲ್ಲಿ ಎರಡೂ ಬಗೆಯ ಪುಸ್ತಕ ಇದ್ದವು. ಇದು ಇಂಥವರ ಪದ್ಧತಿ ಅಂತ ಪುಸ್ತಕದ ಮೊದಲ ಪುಟಗಳಲ್ಲಿ ಬರೆದಿರುತ್ತಾರೆ. ಒಂದು ಪುಸ್ತಕದ ಆ ಪುಟಗಳೇ ಹರಿದು ಹೋಗಿದ್ದವು. ಅದರಿಂದ ಒಂದು ಬಂದಿಶ್ (ರಾಗದಲ್ಲಿ ಕಟ್ಟಿದ ಹಾಡು) ಕಲಿತೆ. ಮಂದ್ರದಲ್ಲಿ ಹಾಡಬೇಕಾದ ಸಾಲನ್ನು ನಾಲ್ಕು ತಿಂಗಳು ತಾರದಲ್ಲಿ ಹಾಡಿದೆ. ಅದನ್ನೇ ಪರೀಕ್ಷೆಯಲ್ಲಿ ಲಿಪಿ ಮಾಡಿ ಬರೆದೆ. ಮಾಸ್ತರರು ಇದ್ದಿದ್ದರೆ ಮೊದಲ ಸಾಲಿಗೇ ಕೈ ಎತ್ತಿ ನಿಲ್ಲಿಸುತ್ತಿದ್ದರು. ಹುಡುಗಾ, ಯಾವ ಪುಸ್ತಕ ತೆಗೆದರೂ ಮೊದಲು ಚುಕ್ಕೆ ನೋಡು. ಗೊತ್ತಿರುವ ಒಂದು ರಾಗದ ಆರೋಹ ಅದರಲ್ಲಿ ಹೇಗೆ ಬರೆದಿದ್ದಾರೆ ನೋಡು, ಮೇಲಿನ ಸಾ ಗುರುತು ಸಿಗುತ್ತದೆ. ಆಮೇಲೆ ಪುಸ್ತಕದ ರಟ್ಟಿನ ಮೇಲೆ ದೊಡ್ಡದಾಗಿ ‘ಭಾ’ ಅಥವಾ ‘ಪ’ ಅಂತ ಬರೆದು ಇಟ್ಟುಬಿಡು. ನಾನು ಈಗ ಹಾಗೇ ಮಾಡಿದ್ದೇನೆ.

ಇನ್ನು ಲಯಕಾರಿ, ಅಂದರೆ ತಾಳದ ಅಕ್ಷರಗಳನ್ನು ಬೇರೆ ಬೇರೆ ವೇಗದಲ್ಲಿ ಕೂರಿಸೋದು. ಇದರ ಹೆಸರು ಹೇಳಿದರೆ ಹಾಡುವವರು ಬಹಳ ಜನ ಹೆದರುತ್ತಾರೆ. ಠೇಕಾ, ಅಂದರೆ ತಾಳದ ಅಕ್ಷರಗಳ ಸಾಲು, ಬಾಯಲ್ಲಿ ಬರುತ್ತದೆ, ಕೈಯಲ್ಲಿ ತಾಳ ಹಾಕಿ ದುಗುಣ್ (ಇಮ್ಮಡಿ ವೇಗ) ಹೇಳುತ್ತಾರೆ, ಕಾಗದದ ಮೇಲೆ ಬರೆ ಅಂದರೆ ನಿಂತುಬಿಡುತ್ತಾರೆ. ನನಗೂ ಹಾಗೇ ಆಗಿತ್ತು. ಇದಕ್ಕೆ ದಾರಿ ಗಿರಣಿಯಲ್ಲೇ ಸಿಕ್ಕಿತು.

ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ಬೀಸೋದಕ್ಕೆ ಬಂದಿದ್ದ ಡಬ್ಬಿಗಳು ಸಾಲಾಗಿ ಕೂತಿದ್ದವು. ‘ಝಪತಾಲದ ತಿಗುಣ್ ಬರೆದು ಸಮ್‌ಗೆ ತನ್ನಿ’ ಅನ್ನುವ ಪ್ರಶ್ನೆ ಬೆಳಗಿನಿಂದ ತಲೆಯಲ್ಲೇ ಇತ್ತು. ಝಪತಾಲಕ್ಕೆ ಹತ್ತು ಮಾತ್ರೆ. ಠೇಕಾ ಎಲ್ಲರಿಗೂ ಬರುವಂಥದ್ದು: ಧಿ ನಾ, ಧಿ ಧಿ ನಾ, ತಿ ನಾ, ಧಿ ಧಿ ನಾ. ತಿಗುಣ್ ಅಂದರೆ ಒಂದು ಮಾತ್ರೆಯೊಳಗೆ ಮೂರು ಅಕ್ಷರ. ಹತ್ತನ್ನು ಮೂರರಿಂದ ಭಾಗಿಸಿದರೆ ಮೂರು ಪೂರ್ತಿ, ಮೂರನೇ ಒಂದು ಭಾಗ ಉಳಿಯುತ್ತದೆ. ಹಾಗಾದರೆ ಎಲ್ಲಿಂದ ಎತ್ತಿಕೊಂಡರೆ ಸರಿಯಾಗಿ ಸಮ್‌ಗೆ ಬಂದು ಬೀಳುತ್ತೇವೆ? ಲೆಕ್ಕ ಬಾಯಿಗೆ ಬರುತ್ತದೆ, ಕಣ್ಣಿಗೆ ಕಾಣಿಸೋದಿಲ್ಲ.

ಡಬ್ಬಿಯ ಮುಚ್ಚಳ ತಿರುವಿ ಹಾಕಿ ಅದರ ಮೇಲೆ ಸೀಮೆಸುಣ್ಣದಿಂದ ಹತ್ತು ಮನೆ ಗೀಚಿದೆ. ಒಂದೊಂದು ಮನೆಯಲ್ಲೂ ಮೂರು ಮೂರು ಜೋಳದ ಕಾಳು ಇಟ್ಟೆ. ಒಟ್ಟು ಮೂವತ್ತು ಕಾಳು. ಆಮೇಲೆ ಕೊನೆಯ ಕಾಳಿನಿಂದ ಹಿಂದಕ್ಕೆ ಹತ್ತು ಎಣಿಸಿದೆ. ಹತ್ತನೇ ಮನೆ ಮೂರು, ಒಂಬತ್ತನೇ ಮನೆ ಮೂರು, ಎಂಟನೇ ಮನೆ ಮೂರು, ಒಂಬತ್ತಾಯಿತು. ಇನ್ನೊಂದು ಕಾಳು ಏಳನೇ ಮನೆಯ ಕೊನೆಯದು. ಅಷ್ಟೇ! ಏಳನೇ ಮಾತ್ರೆಯಲ್ಲಿ ಎರಡು ಕಾಳು ಸುಮ್ನೆ ಬಿಡಬೇಕು, ಮೂರನೆಯದರ ಮೇಲೆ ‘ಧಿ’ ಎತ್ತಬೇಕು. ಎಂಟಕ್ಕೆ ‘ನಾ ಧಿ ಧಿ’, ಒಂಬತ್ತಕ್ಕೆ ‘ನಾ ತಿ ನಾ’, ಹತ್ತಕ್ಕೆ ‘ಧಿ ಧಿ ನಾ’. ಮುಂದಿನ ಹೊಡೆತ ಸಮ್. ಆ ಮುಚ್ಚಳದ ಮೇಲೆ ಕೈ ತಟ್ಟುತ್ತಾ ಹೇಳಿದೆ. ಸಮ್ ಬಂದ ಕೂಡಲೇ ಮೈ ಜುಮ್ ಅಂದಿತು. ಹಿಟ್ಟಿಗೆ ಕಾಯುತ್ತಿದ್ದ ಪಕ್ಕದ ಓಣಿಯ ಅಜ್ಜಿ ‘ಏನ್ ಮಾಡಾಕತ್ತೀಯವ್ವಾ, ಕಾಳು ಎಣಸಾಕತ್ತೀಯೇನ?’ ಅಂತ ಕೇಳಿದರು. ಹೌದು ಅಜ್ಜಿ, ಕಾಳೇ ಎಣಿಸುತ್ತಿದ್ದೇನೆ ಅಂದೆ. ಅವರೂ ಪಕ್ಕ ಕೂತು ಇನ್ನೊಂದು ಸಲ ಹೇಳಿಸಿಕೊಂಡು ಕೇಳಿದರು.

ಅವತ್ತಿನಿಂದ ಯಾವ ಲಯಕಾರಿ ಬಂದರೂ ಕಾಳು ಇಟ್ಟೇ ನೋಡಿದೆ. ಹನ್ನೆರಡು ಮಾತ್ರೆಯ ಏಕತಾಲದ ಆಡ್ ಇನ್ನೂ ಚೆನ್ನ. ಆಡ್ ಅಂದರೆ ಎರಡು ಮಾತ್ರೆಯಲ್ಲಿ ಮೂರು ಅಕ್ಷರ. ಹನ್ನೆರಡು ಅಕ್ಷರ ಎಂಟು ಮಾತ್ರೆಯಲ್ಲಿ ಮುಗಿಯುತ್ತವೆ. ಹಾಗಾಗಿ ಐದನೇ ಮಾತ್ರೆಯಿಂದ ಎತ್ತಿಕೊಂಡರೆ ಆಯಿತು, ಉಳಿಕೆಯ ತಂಟೆಯೇ ಇಲ್ಲ. ಮನೆಗೆ ಮೂರು ಕಾಳು ಇಟ್ಟು ಒಂದು ಬಿಟ್ಟು ಒಂದು ಕಾಳಿನ ಮೇಲೆ ಅಕ್ಷರ ಹೇಳಬೇಕು. ಐದನೇ ಮನೆಯಲ್ಲಿ ಮೊದಲ ಕಾಳು, ಮೂರನೇ ಕಾಳು. ಆರನೇ ಮನೆಯಲ್ಲಿ ನಡುವಿನ ಕಾಳು. ಹೀಗೇ ಕೊನೆಯವರೆಗೂ. ಕುಆಡ್ ಅನ್ನೋ ಇನ್ನೊಂದು ಲಯಕಾರಿಯ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. ಕೆಲವರು ನಾಲ್ಕು ಮಾತ್ರೆಗೆ ಐದು ಅನ್ನುತ್ತಾರೆ, ಕೆಲವರು ನಾಲ್ಕಕ್ಕೆ ಒಂಬತ್ತು ಅನ್ನುತ್ತಾರೆ. ಎರಡು ಪುಸ್ತಕದಲ್ಲಿ ಎರಡು ಥರ ನೋಡಿ ನಾನು ಒಂದು ವಾರ ಒದ್ದಾಡಿದೆ. ಎರಡೂ ಮತ ಇವೆ ಅಂತ ಬರೆದು, ಯಾವ ಮತ ಹಿಡಿದಿದ್ದೇನೆ ಅಂತ ಹೇಳಿ, ಅದರ ಪ್ರಕಾರ ಲೆಕ್ಕ ಮಾಡಿ ತೋರಿಸೋದು ಸರಿಯಾದ ದಾರಿ.

ಶ್ರುತಿ ಅಂದರೆ ಒಂದು ಸಪ್ತಕದೊಳಗಿನ ಸಣ್ಣ ಸಣ್ಣ ನಾದದ ಮೆಟ್ಟಿಲು. ಅದರ ಪಾಠಕ್ಕೆ ಗಿರಣಿಯ ಗೋಡೆಯೇ ಕರಿಹಲಗೆ ಆಯಿತು. 22 ಅಡ್ಡಗೆರೆ ಎಳೆದೆ. ಸಾ, ಮ, ಪಗಳಿಗೆ ನಾಲ್ಕು ನಾಲ್ಕು ಶ್ರುತಿ, ರಿ ಮತ್ತು ಧಕ್ಕೆ ಮೂರು ಮೂರು, ಗ ಮತ್ತು ನಿಗೆ ಎರಡೆರಡು. ಇಷ್ಟು ಎಲ್ಲರೂ ಬಾಯಿಪಾಠ ಮಾಡುತ್ತಾರೆ. ತೊಡಕು ಇರೋದು ಮುಂದೆ. ಹಳೆಯ ಗ್ರಂಥಕಾರರು ಸ್ವರವನ್ನು ಅದರ ಕೊನೆಯ ಶ್ರುತಿಯ ಮೇಲೆ ಕೂರಿಸಿದರು. ಹಾಗಾಗಿ ಸಾ ನಾಲ್ಕನೇ ಗೆರೆಯ ಮೇಲೆ, ರಿ ಏಳರ ಮೇಲೆ, ಗ ಒಂಬತ್ತರ ಮೇಲೆ. ಭಾತಖಂಡೆಯವರು ಮೊದಲ ಶ್ರುತಿಯ ಮೇಲೆ ಕೂರಿಸಿದರು. ಸಾ ಒಂದು, ರಿ ಐದು, ಗ ಎಂಟು. ಎರಡನ್ನೂ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಅಕ್ಕಪಕ್ಕ ಬರೆದಾಗ ಗೊತ್ತಾಯಿತು. ಹಳೆಯದರಲ್ಲಿ ರಿ ಮತ್ತು ಗ ನಡುವೆ ಎರಡೇ ಶ್ರುತಿ. ಅಂದರೆ ಹಳೆಯವರ ಶುದ್ಧ ಗ ನಮ್ಮ ಕೋಮಲ (ಸ್ವಲ್ಪ ಇಳಿಸಿದ) ಗ ಹತ್ತಿರ ಬರುತ್ತದೆ. ಹಳೆಯವರ ಶುದ್ಧ ಸಪ್ತಕ ಯಾಕೆ ಗ, ನಿ ಕೋಮಲ ಇರುವ ಕಾಫಿಯ ಹಾಗೆ, ನಮ್ಮದು ಯಾಕೆ ಎಲ್ಲ ಸ್ವರ ಶುದ್ಧ ಇರುವ ಬಿಲಾವಲ್ ಅನ್ನೋ ಪ್ರಶ್ನೆಗೆ ಉತ್ತರ ಆ ಗೋಡೆಯ ಮೇಲೇ ಇತ್ತು. ಮಾಸ್ತರರ ನೋಟುಬುಕ್ಕಿನಲ್ಲಿ ಇದೇ ಮಾತು ಒಂದು ಸಾಲಿನಲ್ಲಿ ಇದೆ. ಹತ್ತು ಸಲ ಓದಿದ್ದೆ, ತಿಳಿದಿರಲಿಲ್ಲ.

ಇತಿಹಾಸದ ಭಾಗಕ್ಕೆ ಜಾಸ್ತಿ ಹೇಳೋದಿಲ್ಲ. ಒಂದೇ ಮಾತು. ಗ್ವಾಲಿಯರಿನ ಮಾನಸಿಂಹ ತೋಮರ್, ಅಕ್ಬರನ ತಾನಸೇನ್ ಅಂತ ಓದುತ್ತೇವೆ, ಓದಲೇಬೇಕು. ಆದರೆ ನಮ್ಮ ವಿಜಯಪುರದಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಸ್ವತಃ ಹಾಡು ಕಟ್ಟಿದವನು. ತನ್ನ ‘ಕಿತಾಬ್ ಎ ನವರಸ್’ನಲ್ಲಿ ಯಾವ ಹಾಡು ಯಾವ ರಾಗ ಅಂತ ಬರೆದಿಟ್ಟವನು, ಸರಸ್ವತಿಯನ್ನು ನೆನೆದವನು. ತಂಗಿಯ ಮನೆ ವಿಜಯಪುರದಲ್ಲೇ ಇದೆ. ಇಬ್ರಾಹಿಂ ರೋಜಾಕ್ಕೆ ಚಿಕ್ಕಂದಿನಿಂದ ಎಷ್ಟು ಸಲ ಹೋಗಿದ್ದೇನೋ. ಈ ಪಾಠ ಓದಿದ ಮೇಲೆ ಹೋದಾಗ ಅಲ್ಲಿ ಮಲಗಿರುವವನು ಒಬ್ಬ ಹಾಡುಗಾರ ಅಂತ ಅನ್ನಿಸಿ ಮೆಟ್ಟಿಲ ಮೇಲೆ ಸುಮಾರು ಹೊತ್ತು ಕೂತಿದ್ದೆ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು 1924ರಲ್ಲಿ, ನಮ್ಮ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಇಸವಿಗಳು ನೆನಪಿನಲ್ಲಿ ಉಳಿಯಬೇಕಾದರೆ ನಮ್ಮ ನೆಲದಿಂದ ಶುರು ಮಾಡಿ ಹೊರಗೆ ಹೋಗೋದು ಒಳ್ಳೆಯದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಬ್ಬರೇ ಕೂತು ಮಾಡಬಹುದಾದದ್ದು. ಇನ್ನು ಮಾಡಲಾಗದ ಒಂದು ವಿಷಯಕ್ಕೆ ಬರುತ್ತೇನೆ. ಹಿರಿಯರ ಮಾತಿನಲ್ಲಿ ಸತ್ಯ ಇರೋದು ಇಲ್ಲೇ.

ಶಾಸ್ತ್ರದ ಪತ್ರಿಕೆಯಲ್ಲಿ ರಾಗಗಳನ್ನು ಹೋಲಿಸಿ ಬರೆಯೋದು ಇರುತ್ತದೆ. ಮಾರವಾ, ಪೂರಿಯಾ, ಸೋಹನಿ ತೆಗೆದುಕೊಳ್ಳಿ. ಮೂರೂ ಮಾರವಾ ಥಾಟಿನವು, ಅಂದರೆ ಒಂದೇ ಸ್ವರಗುಂಪಿಗೆ ಸೇರಿದ ರಾಗಗಳು. ಮೂರರಲ್ಲೂ ರಿ ಕೋಮಲ, ಮ ತೀವ್ರ (ಏರಿಸಿದ್ದು), ಪಂಚಮ ಅಂದರೆ ಪ ಇಲ್ಲ. ಕಾಗದದ ಮೇಲೆ ಸ್ವರ ಬರೆದಿಟ್ಟರೆ ಮೂವರೂ ಒಂದೇ ಮನೆಯ ಮಕ್ಕಳು. ಪುಸ್ತಕ ನೋಡಿ ವ್ಯತ್ಯಾಸ ಬರೆಯಬಹುದು. ಮಾರವಾದಲ್ಲಿ ರಿ ಮತ್ತು ಧ ಮುಖ್ಯ, ಸಾ ಮೇಲೆ ನಿಲ್ಲೋದು ಕಡಿಮೆ. ಪೂರಿಯಾದಲ್ಲಿ ಗ ಮತ್ತು ನಿ, ಓಡಾಟ ಮಂದ್ರದ ಕಡೆ. ಸೋಹನಿ ಮೇಲಿನ ಸಾ ಹತ್ತಿರ ಆಡುತ್ತದೆ, ರಾತ್ರಿಯ ಕೊನೆಯ ಪ್ರಹರದ ರಾಗ. ನಾನೂ ಹೀಗೇ ಬರೆದು ಅಭ್ಯಾಸ ಮಾಡಿದ್ದೆ. ತಪ್ಪೇನೂ ಇಲ್ಲ. ಆದರೆ ಬರೆಯುವಾಗ ನನ್ನದೇ ಮಾತು ಅನ್ನಿಸುತ್ತಿರಲಿಲ್ಲ. ನಾಲ್ಕು ಸಾಲು ಆದ ಮೇಲೆ ಐದನೆಯದಕ್ಕೆ ಏನೂ ಹೊಳೆಯುತ್ತಿರಲಿಲ್ಲ.

ಗಿರಣಿ ಬಂದ್ ಮಾಡಿ, ಮೊಬೈಲಿನಲ್ಲಿ ತಂಬೂರಿ ಹಚ್ಚಿ, ಪೂರಿಯಾ ಹಾಡಿ ರೆಕಾರ್ಡ್ ಮಾಡಿಕೊಂಡು ಕೇಳುತ್ತಿದ್ದೆ. ಸ್ವರ ಎಲ್ಲ ಸರಿ ಇದ್ದವು. ಏನೋ ಕೊರತೆ ಇದೆ ಅಂತ ಅನ್ನಿಸುತ್ತಿತ್ತು, ಏನು ಅಂತ ತಿಳಿಯುತ್ತಿರಲಿಲ್ಲ. ಆರು ತಿಂಗಳು ಹೀಗೇ ಹೋಯಿತು.

ಒಂದು ಮದುವೆಯಲ್ಲಿ ಬನಹಟ್ಟಿಯ ಕಡೆಯ ಒಬ್ಬ ನಿವೃತ್ತ ಶಿಕ್ಷಕರ ಪರಿಚಯ ಆಯಿತು. ಈ ಪರೀಕ್ಷೆಗಳನ್ನೆಲ್ಲ ಮುಗಿಸಿದವರು. ಪಾಠ ಹೇಳೋದಿಲ್ಲ, ಮೈಗೆ ಹುಷಾರಿಲ್ಲ ಅಂತ ಮೊದಲೇ ಹೇಳಿದರು. ಪಾಠ ಬೇಡ ಸರ್, ಒಂದು ಸಲ ಕೇಳಿರಿ ಸಾಕು ಅಂದೆ. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಪೂರಿಯಾ ಹಾಡಿದೆ. ಕಣ್ಣು ಮುಚ್ಚಿಕೊಂಡು ಇಪ್ಪತ್ತು ನಿಮಿಷ ಕೇಳಿದರು. ಆಮೇಲೆ ಹೇಳಿದ್ದು ಇಷ್ಟು: ‘ಅಕ್ಕಾರ, ನೀವು ನಿಷಾದಕ್ಕೆ ಹೋಗತೀರಿ, ಅಲ್ಲಿ ನಿಂದ್ರೂದಿಲ್ಲ. ಕುಂಡ್ರಿ ಸ್ವಲ್ಪ ಅಲ್ಲಿ. ನಿಮಗ ಧೈವತದ ಮ್ಯಾಲೆ ಪ್ರೀತಿ ಜಾಸ್ತಿ. ಅದು ಮಾರವಾದ್ದು.’ ನಿಷಾದ ಅಂದರೆ ನಿ, ಧೈವತ ಅಂದರೆ ಧ.

ಅಲ್ಲೇ ಅವರ ಮುಂದೆ ಮಂದ್ರ ನಿಷಾದದ ಮೇಲೆ ನಿಂತೆ. ಉಸಿರು ಇರುವಷ್ಟು ಹೊತ್ತು. ಅಲ್ಲಿಂದ ಗಾಂಧಾರಕ್ಕೆ (ಗ) ಹೋದಾಗ ಪೂರಿಯಾ ಬಂದು ಎದುರಿಗೆ ಕೂತ ಹಾಗೆ ಆಯಿತು. ಕಣ್ಣಲ್ಲಿ ನೀರು ಬಂತು, ಅವರೂ ನೋಡಿದರು, ಏನೂ ಅನ್ನಲಿಲ್ಲ. ಅವರ ಮನೆಯವರು ಚಹಾ ತಂದುಕೊಟ್ಟರು. ಅವತ್ತು ರಾತ್ರಿ ಮನೆಗೆ ಬಂದು ಮೂರು ರಾಗಗಳ ಹೋಲಿಕೆ ಬರೆದೆ. ಪುಸ್ತಕ ತೆಗೆಯಲಿಲ್ಲ. ಎರಡೂವರೆ ಪುಟ ಆಯಿತು. ಎರಡನೇ ಸಲ ಕೂತಾಗ ಶಾಸ್ತ್ರದ ಪತ್ರಿಕೆ ಪಾಸಾದೆ.

ಸಂಪಾದಕರೇ, ನನ್ನ ಕೋರಿಕೆ ಇಲ್ಲಿದೆ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಈ ಪರೀಕ್ಷೆಗಳನ್ನು ಪಾಸಾದವರು ಊರೂರಿಗೂ ಇದ್ದಾರೆ. ಕೆಲವರು ಶಾಲೆಯಲ್ಲಿದ್ದಾರೆ, ಕೆಲವರು ಬ್ಯಾಂಕಿನಲ್ಲಿ, ಕೆಲವರು ಮದುವೆಯಾಗಿ ಹಾಡೋದನ್ನೇ ಬಿಟ್ಟಿದ್ದಾರೆ. ಅವರಿಗೆಲ್ಲ ಕೇಳಿಕೊಳ್ಳೋದು ಒಂದೇ. ನೀವು ಕ್ಲಾಸು ತೆಗೆಯಬೇಡಿ, ಗುರು ಆಗಬೇಡಿ. ತಿಂಗಳಿಗೆ ಒಂದು ಭಾನುವಾರ, ಒಂದು ತಾಸು, ಒಬ್ಬರೇ ಓದುತ್ತಿರುವ ಒಬ್ಬ ಹುಡುಗನದೋ ಹುಡುಗಿಯದೋ ಹಾಡು ಕೇಳಿ. ಅವರು ಬರೆದ ಒಂದು ಉತ್ತರ ಓದಿ. ತಪ್ಪು ಇರುವ ಕಡೆ ಬೆರಳು ಇಡಿ. ನನಗೆ ಬನಹಟ್ಟಿಯ ಸರ್ ಕೊಟ್ಟದ್ದು ಇಪ್ಪತ್ತು ನಿಮಿಷ.

ಇನ್ನೊಂದು ಮಾತು ನಮ್ಮ ಊರುಗಳ ಗ್ರಂಥಾಲಯದವರಿಗೆ. ಸಂಗೀತ ಶಾಸ್ತ್ರಕ್ಕೆ ಒಂದು ಕಪಾಟು ಬೇಕಿಲ್ಲ, ಒಂದು ಹಲಗೆ ಸಾಕು. ಕನ್ನಡದಲ್ಲಿ ಸಿಗುವಷ್ಟು ಪುಸ್ತಕ ತರಿಸಿ ಇಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆದವರಿಂದ ಕೇಳಿ ತಂದು ಝೆರಾಕ್ಸ್ ಮಾಡಿ ಹೊಲಿದು ಇಡಿ. ಪ್ರಶ್ನೆ ಹೇಗೆ ಕೇಳುತ್ತಾರೆ ಅಂತ ಗೊತ್ತಿಲ್ಲದೆ ಎಷ್ಟು ಓದಿದರೂ ಕೈ ಓಡೋದಿಲ್ಲ. ನನ್ನ ಹತ್ತಿರ ಇರುವ ಪ್ರಶ್ನೆಪತ್ರಿಕೆಗಳನ್ನು ಕೊಡೋದಕ್ಕೆ ನಾನು ತಯಾರಿದ್ದೇನೆ. ಮಾಸ್ತರರ ಎರಡು ನೋಟುಬುಕ್ಕಿನ ಝೆರಾಕ್ಸ್ ಕೂಡ ಕೊಡುತ್ತೇನೆ. ಅವರ ಮನೆಯವರನ್ನು ಕೇಳಿದ್ದೇನೆ, ಖುಷಿಯಿಂದ ಒಪ್ಪಿದ್ದಾರೆ.

ಮುಧೋಳದ ಆ ಹುಡುಗನಿಗೆ: ತಮ್ಮಾ, ಫಾರ್ಮ್ ತುಂಬು. ತುಂಬಿದ ಮೇಲೆ ಪತ್ರಿಕೆಯವರಿಂದ ನನ್ನ ವಿಳಾಸ ತಗೋ, ಕೊಡಲು ನನ್ನ ಒಪ್ಪಿಗೆ ಇದೆ. ಮಧ್ಯಾಹ್ನ 2ರಿಂದ 4ರವರೆಗೆ ಗಿರಣಿ ಬಂದ್ ಇರುತ್ತದೆ. ಲಯಕಾರಿ ಎಲ್ಲಿಯವರೆಗೆ ಬಂದಿದೆಯೋ ಬರೆದುಕೊಂಡು ಬಾ. ಪೂರಿಯಾ ಹಾಡು, ನಾನು ಕೂತು ಕೇಳುತ್ತೇನೆ. ನಿಷಾದದ ಮೇಲೆ ನಿಂತೆಯೋ ಇಲ್ಲವೋ ಅಷ್ಟನ್ನಂತೂ ಹೇಳಬಲ್ಲೆ. ಜೋಳದ ಕಾಳು ಇಲ್ಲೇ ಇವೆ.

ಇಂತಿ,
ಹಿಟ್ಟಿನ ಗಿರಣಿಯ ಒಬ್ಬ ಓದುಗಳು
ಜಮಖಂಡಿ, ಬಾಗಲಕೋಟೆ ಜಿಲ್ಲೆ